ಹಿತ್ತಲ ಮರಕ್ಕೆ ವಿನಾಯಿತಿ ಇಲ್ಲ

ಗ್ರಿಸೆಲ್ಡಾಳ ಮೆಡಿಕಲ್ ಶಾಪಿಗೆ ಹೋದವರು ಮಾತ್ರೆ ಇಸಕೊಂಡು ಸುಮ್ಮನೆ ಬರೋ ಹಾಗಿಲ್ಲ. ಅವಳೆದುರೇ ಪೊಟ್ಟಣ ಬಿಚ್ಚಬೇಕು, ಯಾವುದನ್ನು ಯಾವಾಗ ನುಂಗುತ್ತೀರಿ ಅಂತ ನಿಮ್ಮ ಬಾಯಲ್ಲೇ ಹೇಳಬೇಕು. ತಪ್ಪಿದಿರೋ, ಮತ್ತೆ ಮೊದಲಿಂದ! "ಗಡಿ ಪೊಲೀಸರಾದ್ರೂ ಬಿಟ್ಟಾರು, ಇವಳು ಬಿಡಲ್ಲ" ಅಂತ ಎರಡು ದೇಶಗಳ ಗಡಿಯಾದ ರಿಯೋ ಗ್ರಾಂಡೆ ನದಿಯ ಕಣಿವೆಯ ಆ ಪುಟ್ಟ ಊರೆಲ್ಲ ಗೊಣಗುತ್ತದೆ. ಗೊಣಗಿಕೊಂಡೇ ಅವಳಲ್ಲಿಗೆ ಬರುತ್ತದೆ. ಹಣ್ಣು ಕೀಳುವ ಕೂಲಿಯವನ ಮಗಳು ಅವಳು. ಅಪ್ಪ ಒಂದೇ ಮಾತ್ರೆಯನ್ನು ಎರಡು ಹೆಸರಲ್ಲಿ, ಇಲ್ಲೊಂದು, ಗಡಿ ಸೇತುವೆಯಾಚೆಯ ದೇಶದಲ್ಲಿ ಇನ್ನೊಂದು ಅಂತ ತಂದು, ಎರಡನ್ನೂ ನುಂಗಿ ಅಡುಗೆಮನೆಯಲ್ಲಿ ಕುಸಿದದ್ದನ್ನು ಕಣ್ಣಾರೆ ಕಂಡವಳು. ಓದು ಮುಗಿಸಿ ಅದೇ ಬೀದಿಗೆ ಬಂದು ಅಂಗಡಿ ತೆರೆದಳು.

ಜನವರಿಯ ಒಂದು ಶನಿವಾರ ಮಧ್ಯಾಹ್ನ ಎವರಾರ್ದೊ ಬಂದ. ರಾತ್ರಿ ಊರಿನ ಹಾಲ್‌ನಲ್ಲಿ ಕುಣಿತ. ಅವನ ಅಕಾರ್ಡಿಯನ್ ವಾದ್ಯವಿಲ್ಲದೆ ಆ ಊರಲ್ಲಿ ಯಾರ ಕಾಲೂ ಏಳುವುದಿಲ್ಲ. ಹೊರಗೆ ಟ್ರಕ್ಕಿನಲ್ಲಿ ಹೆಂಡತಿ ಚಾವೆಲಾ ಹಾರನ್ ಬಾರಿಸುತ್ತಿದ್ದಳು. ಎರಡು ವರ್ಷದ ಹಿಂದೆ ತನ್ನದೊಂದು ಕಿಡ್ನಿ ತೆಗೆದು ಗಂಡನಿಗೆ ಕೊಟ್ಟ ಮಹಾತಾಯಿ! ಆ ಕಿಡ್ನಿಯನ್ನು ಮೈ ಪರಕೀಯ ಅಂತ ಒದ್ದು ಓಡಿಸದಂತೆ ಅವನು ಬದುಕಿಡೀ ಒಂದು ಮಾತ್ರೆ ನುಂಗಬೇಕು.

"ಬೇಗ ಕೊಡು ಮಗಳೇ," ಅಂತ ಎವರಾರ್ದೊ ಹೊಸ ಚೀಟಿ ಚಾಚಿದ. ಚೀಟಿ ಗಾಳಿಗೆ ಸಿಕ್ಕಂತೆ ನಡುಗುತ್ತಿತ್ತು. ವಾರದಿಂದ ಕೈ ಹೀಗಂತೆ. ಹತ್ತಿರದ ಕ್ಲಿನಿಕ್ಕಿಗೆ ಹೋಗಿ ನಡುಕಕ್ಕೆ ಅಂತ ಮಾತ್ರೆ ಬರೆಸಿಕೊಂಡು ಬಂದಿದ್ದ.

"ಕಿಡ್ನಿ ಆಸ್ಪತ್ರೆಯವರಿಗೆ ಹೇಳಿದ್ರಾ, ದೋನ್ ಎವರಾರ್ದೊ?" ಹಿರಿಯರಿಗೆ ಹಚ್ಚುವ 'ದೋನ್' ಬಿಡದೆಯೇ ಗ್ರಿಸೆಲ್ಡಾ ಕೇಳಿದಳು.

"ಹೇಳಿದ್ರೆ ಹಿಡಿದು ಮಲಗಿಸ್ತಾರೆ. ಕುಣಿತ ಇರೋದು ಇವತ್ತು. ಕೊಡ್ತೀಯೋ, ಪಕ್ಕದ ಊರಿಗೆ ಹೋಗ್ಲೋ?"

ಕೊಟ್ಟುಬಿಡಬಹುದಿತ್ತು. ಯಾರೂ ಬಯ್ಯುತ್ತಿರಲಿಲ್ಲ. ಆದರೆ ಆ ಕಿಡ್ನಿ ಮಾತ್ರೆ ರಕ್ತದಲ್ಲಿ ಜಾಸ್ತಿಯಾದರೂ ಕೈ ನಡುಗುತ್ತದೆ. ಇನ್ನೂ ಜಾಸ್ತಿಯಾದರೆ ಕಾಯಬೇಕಾದ ಕಿಡ್ನಿಯನ್ನೇ ತಿಂದುಹಾಕುತ್ತದೆ.  ಗ್ರಿಸೆಲ್ಡಾ ಒಂದೊಂದಾಗಿ ಕೇಳಿದಳು. ಮಾತ್ರೆ? ಹೊತ್ತಿಗೆ ಸರಿಯಾಗಿ. ಬೇರೆ ಮದ್ದು? ಇಲ್ಲ. ಸೇತುವೆಯಾಚೆಯದು? ಇಲ್ಲ ಮಾರಾಯ್ತಿ! ಗ್ರೇಪ್‌ಫ್ರೂಟ್, ಆ ಚಕ್ಕೋತದಂಥ ಹಣ್ಣು?

"ಛೆ! ಬೇಡ ಅಂತ ನೀನೇ ಹೇಳಿದ್ಯಲ್ಲ, ಮುಟ್ಟಿಲ್ಲ."

ಎಲ್ಲವೂ ಸರಿ. ಹಾಗಾದರೆ ಎಡವಿದ್ದೆಲ್ಲಿ? ಹಾರನ್ ಇನ್ನೂ ಜೋರಾಯಿತು. ಎವರಾರ್ದೊ ಬಗ್ಗಿ ಕಾಲ ಬಳಿಯಿಂದ ಒಂದು ಚೀಲ ಎತ್ತಿ ಧೊಪ್ಪನೆ ಕೌಂಟರ್ ಮೇಲಿಟ್ಟ. ಒಳಗೆ ಗುಂಡುಗುಂಡಾದ ಗ್ರೇಪ್‌ಫ್ರೂಟ್! ಈ ಕಣಿವೆಯಲ್ಲಿ ಚಳಿಗಾಲ ಬಂತೆಂದರೆ ಚೀಲ ಹಿಡಿಯದೆ ಯಾರೂ ಯಾರ ಬಾಗಿಲಿಗೂ ಹೋಗುವುದಿಲ್ಲ. ಕೊಟ್ಟರೆ ಬೇಡ ಅನ್ನುವಂತೆಯೂ ಇಲ್ಲ.

"ತಗೋ. ಆವತ್ತು ಹಿಮ ಬಿದ್ದಾಗ ಸತ್ತೇಹೋಯ್ತು ಅಂದ್ಕೊಂಡಿದ್ದ ಮರ, ಈ ವರ್ಷ ಮತ್ತೆ ಬಿಟ್ಟಿದೆ. ಜೇನು ಕಣೇ, ಜೇನು! ದಿನಾ ಬೆಳಿಗ್ಗೆ ಒಂದು ಜಗ್ ರಸ ಇಳಿಸ್ತೀನಿ."

"ಈಗ ತಾನೇ ಮುಟ್ಟಿಲ್ಲ ಅಂದ್ರಿ?"

"ಅದು ಅಂಗಡಿ ಹಣ್ಣು! ಔಷಧಿ ಹೊಡೆದು, ಮೇಣ ಬಳಿದದ್ದು. ಇದು ನಮ್ಮ ಮರದ್ದು."

ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಗಾದೆ ಹೇಳುತ್ತೇವೆ. ಇಲ್ಲಿಯವರ ಪ್ರಕಾರ ಹಿತ್ತಲ ಮರ ವಿಷವೂ ಅಲ್ಲ! ಅಯ್ಯೋ ದೇವರೇ, ಆ ಹಣ್ಣಿನ ಗುಣವೇ ಹಾಗೆ. ಯಾವ ಮರದ್ದಾದರೇನು, ಕರಗಿ ಹೋಗಬೇಕಾದ ಮಾತ್ರೆಯನ್ನು ರಕ್ತದಲ್ಲೇ ಕೂಡಿಹಾಕುತ್ತದೆ.

"ಸಿಕ್ತು!" ಅಂತ ಗ್ರಿಸೆಲ್ಡಾ ಕೂಗಿದ ಕೂಗಿಗೆ ಕೆಮ್ಮಿನ ಔಷಧ ಆರಿಸುತ್ತಿದ್ದ ಹೆಂಗಸು ಬೆಚ್ಚಿಬಿದ್ದಳು. ಗ್ರಿಸೆಲ್ಡಾ ಆಗಲೇ ಕಿಡ್ನಿ ಆಸ್ಪತ್ರೆಗೆ ಫೋನ್ ಹಚ್ಚಿದ್ದಳು. ನರ್ಸ್ ಪೂರ್ತಿ ಕೇಳಲೂ ಇಲ್ಲ. "ಈಗಲೇ ಕಳಿಸಿ, ರಕ್ತ ನೋಡ್ಬೇಕು. ನಾವು ಹೇಳೋ ತನಕ ಮುಂದಿನ ಮಾತ್ರೆ ಬೇಡ."

"ನಾಳೆ ಹೋಗ್ತೀನಿ," ಅಂತ ಎವರಾರ್ದೊ ಮೆಲ್ಲಗೆ ಬಾಗಿಲ ಕಡೆ ಜಾರಿದ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಚಾವೆಲಾ ಒಳಗೆ ನುಗ್ಗಿದಳು.

"ಏನೇ ಗ್ರಿಸೆಲ್ಡಾ, ಮಾತ್ರೆ ಕೊಡ್ತಿದ್ದೀಯೋ, ಇವನಿಗೆ ಇನ್ನೊಂದು ಮದುವೆ ಮಾಡಿಸ್ತಿದ್ದೀಯೋ?"

ಗ್ರಿಸೆಲ್ಡಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಚಾವೆಲಾಳ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪೇರಿತು.

"ಅದು ನನ್ನ ಕಿಡ್ನಿ ಕಣೋ! ಮನಸ್ಸಿಗೆ ಬಂದಂಗೆ ಹಾಳು ಮಾಡು ಅಂತ ಕೊಟ್ನಾ? ಟ್ರಕ್ ಹತ್ತು!"

"ಕುಣಿತಕ್ಕೆ ಜನ ಕಾಯ್ತಾರೆ ಕಣೇ..."

"ನಿನ್ನ ಕುಣಿತಕ್ಕಿಷ್ಟು ಬೆಂಕಿ ಹಾಕ! ಹತ್ತು ಅಂದ್ನಲ್ಲ!"

ತೋಳು ಹಿಡಿದು ದರದರ ಎಳಕೊಂಡೇ ಹೋದಳು. ಟ್ರಕ್ ಧೂಳೆಬ್ಬಿಸಿ ಮರೆಯಾಯಿತು.

ಆಮೇಲೆ ಗ್ರಿಸೆಲ್ಡಾಳಿಗೆ ಒಂದು ಕಡೆ ನಿಲ್ಲಲಾಗಲಿಲ್ಲ. ತಡವಾಗಿದ್ದರೆ? ಕಿಡ್ನಿ ಆಗಲೇ ಕೈಕೊಟ್ಟಿದ್ದರೆ? ಅಂಗಡಿ ಮುಚ್ಚುವ ಹೊತ್ತಿಗೆ ಫೋನ್ ಬಂತು. ಚಾವೆಲಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲೇ ಇಲ್ಲ.

"ರಕ್ತದಲ್ಲಿ ಮದ್ದು ಮೂರು ಪಟ್ಟು ಏರಿತ್ತಂತೆ ಕಣೇ! ಕಿಡ್ನಿಗೆ ಏಟು ಬಿದ್ದಿದೆ, ಆದ್ರೆ ಸುಧಾರಿಸ್ಕೊಳ್ಳತ್ತೆ ಅಂದ್ರು. ಉಳೀತು, ಗ್ರಿಸೆಲ್ಡಾ, ಉಳೀತು!"

ಗ್ರಿಸೆಲ್ಡಾ ಇದ್ದಲ್ಲೇ ಕುಣಿದುಬಿಟ್ಟಳು. ಕುಣಿಯುತ್ತಿದ್ದವಳು ತಟ್ಟನೆ ನಿಂತಳು. ಎವರಾರ್ದೊ ಸುಳ್ಳು ಹೇಳಿರಲಿಲ್ಲವಲ್ಲ! ಕೇಳಿದ್ದಕ್ಕೆ ತನಗೆ ತಿಳಿದಷ್ಟು ನಿಜವನ್ನೇ ಹೇಳಿದ್ದ. ಇಷ್ಟು ವರ್ಷ ತಾನು ಕೇಳಿದ ಪ್ರಶ್ನೆಯೇ ಅರ್ಧ. ಈ ಹಣ್ಣಿಗೆ ಆಗದ ಮಾತ್ರೆ ನುಂಗುವವರು ಊರಲ್ಲಿ ಎಷ್ಟು ಮಂದಿ! ಎಲ್ಲರಿಗೂ ಈಗಲೇ ಫೋನ್ ಮಾಡಬೇಕು. ಮನೆಯಿಂದಲೇ ಶುರುವಾಗಲಿ ಅಂತ, ಕೊಲೆಸ್ಟ್ರಾಲಿಗೆ ಮಾತ್ರೆ ತಗೊಳ್ಳುವ ತನ್ನಮ್ಮನಿಗೇ ಮೊದಲು ಮಾಡಿದಳು.

"ಅಮ್ಮಾ, ಗ್ರೇಪ್‌ಫ್ರೂಟ್ ಏನಾದ್ರೂ ತಿಂತಿದ್ದೀಯಾ?" ಅವಸರಕ್ಕೆ ಬಾಯಿಗೆ ಬಂದದ್ದು ಅದೇ ಹಳೇ ಅರ್ಧ ಪ್ರಶ್ನೆ.

"ಅಯ್ಯೋ ಇಲ್ಲಮ್ಮ, ನೀನು ಬೇಡ ಅಂದ್ಮೇಲೆ ಅಂಗಡಿಯಿಂದ ಒಂದೂ ತಂದಿಲ್ಲ," ಅಂದಳು ಅಮ್ಮ. ಗಟಗಟ ಏನೋ ಕುಡಿದ ಸದ್ದು ಕೇಳಿಸಿತು. "ಪಕ್ಕದ ಮನೆಯವರ ಮರದ್ದು ಮಾತ್ರ."

"ಲೋಟ ಕೆಳಗಿಡಮ್ಮಾ!"