ಗಿಡ ಮಾರುವವರಿಗೊಂದು ವೆಬ್‌ಸೈಟ್ ಥೀಮ್

ನನ್ನ ಮೊದಲನೆಯ ಥೀಮನ್ನು ಒಂದು ಆನ್‌ಲೈನ್ ಮಾರುಕಟ್ಟೆಯವರು ಎರಡೇ ಸಾಲಿನಲ್ಲಿ ತಿರಸ್ಕರಿಸಿದರು. ಮೊದಲ ಸಾಲು, ಕಳಿಸಿದ್ದಕ್ಕೆ ಧನ್ಯವಾದ. ಎರಡನೆಯದು, ನಿಮ್ಮ ವಿನ್ಯಾಸ ನಮ್ಮಲ್ಲಿ ಈಗಾಗಲೇ ಮಾರಾಟಕ್ಕಿರುವ ಇನ್ನೊಂದನ್ನು ತುಂಬಾ ಹೋಲುತ್ತದೆ.

ಆಗ ನಾನು ಹೊಸೂರಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಮದುವೆ ಕಾರ್ಡು, ಬಿಲ್ ಪುಸ್ತಕ, ಅಂಗಡಿ ಪೂಜೆಯ ಕರೆಯೋಲೆ, ಹೀಗೆ ಬಂದದ್ದನ್ನೆಲ್ಲ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಜೋಡಿಸುವವಳು ಅಲ್ಲಿ ನಾನೊಬ್ಬಳೇ. ನಮ್ಮೂರು ಡೆಂಕಣಿಕೋಟೆಯ ಹತ್ತಿರದ ಹಳ್ಳಿ. ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ. ಅಕ್ಕ ಹೊಸೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಜೋಡಿಸುವ ಲೈನಿನಲ್ಲಿದ್ದಳು. ಅದೇ ಊರಿನ ಆಲಸನತ್ತ ಬಡಾವಣೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಮಾಡಿಕೊಂಡು ನಾವಿಬ್ಬರೂ ಇದ್ದೆವು.

ಪ್ರೆಸ್ಸಿಗೆ ಇಂಟರ್ನೆಟ್ ಬಂದ ವರ್ಷವೇ ನನಗೆ ಆ ಮಾರುಕಟ್ಟೆ ಕಣ್ಣಿಗೆ ಬಿದ್ದಿತ್ತು. ಯಾರೋ ಎಲ್ಲೋ ಕೂತು ವೆಬ್‌ಸೈಟಿನ ವಿನ್ಯಾಸವೊಂದನ್ನು ಮಾಡಿ ಅಲ್ಲಿಡುತ್ತಾರೆ. ಬೇಕಾದವರು ಅದನ್ನು ಕೊಂಡು, ತಮ್ಮ ಹೆಸರು, ಚಿತ್ರ, ಬರಹ ತುಂಬಿಕೊಂಡರೆ ಸೈಟು ಸಿದ್ಧ. ಅದನ್ನೇ ಥೀಮ್ ಎನ್ನುವುದು. ಬಾಗಲೂರು ರಸ್ತೆಯ ಕಂಪ್ಯೂಟರ್ ಸೆಂಟರಿನಲ್ಲಿ ಸಂಜೆ ಸಂಜೆ ಕೋಡ್ ಬರೆಯುವುದನ್ನು ಕಲಿತೆ. ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದಲ್ಲಿ, ಮದುವೆಗಳಿಲ್ಲದೆ ಪ್ರೆಸ್ಸು ಖಾಲಿ ಹೊಡೆಯುವಾಗ ಅಲ್ಲಿನ ಕಂಪ್ಯೂಟರಿನಲ್ಲೇ ಥೀಮ್ ಮಾಡಿದೆ. ಮಾಡಿದೆ ಎನ್ನುವುದಕ್ಕಿಂತ, ಅಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಒಂದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಬಣ್ಣ ಬದಲಿಸಿದೆ ಎಂದರೆ ಸರಿ.

ತಿರಸ್ಕಾರದ ಪತ್ರ ಓದಿ ನನಗೆ ಸಿಟ್ಟು ಬಂತು. ಪ್ರೆಸ್ಸಿನ ಯಜಮಾನರಿಗೆ ಪರದೆ ತೋರಿಸಿದೆ. ಅರವತ್ತು ದಾಟಿದ ಮನುಷ್ಯ. ಹುಡುಗರಾಗಿದ್ದಾಗಿನಿಂದ ಸೀಸದ ಅಕ್ಷರಗಳನ್ನು ಒಂದೊಂದೇ ಜೋಡಿಸಿ ಬೆರಳು ಸವೆಸಿಕೊಂಡವರು. ಎರಡೂ ವಿನ್ಯಾಸಗಳನ್ನು ಅವರು ಕನ್ನಡಕ ಏರಿಸಿ ನೋಡಿದರು.

"ಇದ್ರಾಗೆ ನಿಂದೇನೈತಮ್ಮಾ?" ಎಂದರು.

"ಬಣ್ಣ ಬೇರೆ ಸಾರ್."

"ಬಣ್ಣ ಮಿಷನ್ನಿಂದು. ನಿಂದೇನೈತೆ?"

ಸಿಟ್ಟು ಇಳಿದು ನಾಚಿಕೆಯಾಯಿತು. ಆ ಫೈಲನ್ನು ಅಂದೇ ಅಳಿಸಿಹಾಕಿದೆ. ಮುಂದೆ ಯಾರದನ್ನೂ ಪಕ್ಕದಲ್ಲಿಟ್ಟುಕೊಂಡು ಕೂರುವುದಿಲ್ಲ ಎಂದು ಗಟ್ಟಿಮಾಡಿಕೊಂಡೆ.

ಮುಂದೇನು ಮಾಡುವುದೆಂದು ತೋರಿಸಿದವರು ನಮ್ಮ ಒಬ್ಬ ಗಿರಾಕಿ. ಕೃಷ್ಣಗಿರಿಯ ಹತ್ತಿರ ಮಾವಿನ ಸಸಿ ಮಾರುವ ನರ್ಸರಿಯವರು. ಪ್ರತಿ ವರ್ಷ ಸಸಿಗಳ ಪಟ್ಟಿಯನ್ನು ನಮ್ಮಲ್ಲೇ ಅಚ್ಚು ಹಾಕಿಸುತ್ತಿದ್ದರು. ಕರಡು ತಿದ್ದುತ್ತಾ ಅವರು, "ಈ ಪಟ್ಟೀನೇ ಕಂಪ್ಯೂಟರ್‌ನಾಗೆ ಎಲ್ರೂ ನೋಡೋ ಹಂಗೆ ಮಾಡಕ್ಕಾಯ್ತದಾಮ್ಮಾ?" ಎಂದು ಕೇಳಿದರು. ಆ ಮಾರುಕಟ್ಟೆಯಲ್ಲಿ ಎಲ್ಲರಿಗೂ ಒಗ್ಗುವ ಥೀಮುಗಳು ರಾಶಿ ರಾಶಿ ಇದ್ದವು. ಗಿಡ ಮಾರುವವರಿಗೆಂದೇ ಮಾಡಿದ್ದು ಹುಡುಕಿದರೆ ಒಂದೂ ಸಿಗಲಿಲ್ಲ.

ಭಾನುವಾರ ಬಸ್ಸು ಹತ್ತಿ ಅವರ ನರ್ಸರಿಗೆ ಹೋದೆ. ಬೆಳಗಿನಿಂದ ಸಂಜೆಯವರೆಗೆ ಒಂದು ಸ್ಟೂಲಿನ ಮೇಲೆ ಕೂತು, ಬಂದವರು ಏನು ಕೇಳುತ್ತಾರೆಂದು ನೋಟ್‌ಬುಕ್ಕಿನಲ್ಲಿ ಬರೆದೆ. ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತದೆ? ಗಿಡದಿಂದ ಗಿಡಕ್ಕೆ ಎಷ್ಟು ಅಡಿ ಬಿಡಬೇಕು? ಕಸಿ ಮಾಡಿದ್ದಾ, ಓಟೆ ಬಿತ್ತಿ ಬೆಳೆಸಿದ್ದಾ? ನರ್ಸರಿಯ ಇತಿಹಾಸವನ್ನು ಒಬ್ಬರೂ ಕೇಳಲಿಲ್ಲ. ಹಾಗಾಗಿ ನನ್ನ ಹೊಸ ಥೀಮಿನಲ್ಲಿ 'ನಮ್ಮ ಬಗ್ಗೆ' ಎನ್ನುವ ಪುಟ ಕೊನೆಗೆ ಹೋಯಿತು. ಗಿಡದ ಚಿತ್ರ, ಅದರ ಪಕ್ಕದಲ್ಲಿ ಆ ಮೂರು ಪ್ರಶ್ನೆಗಳ ಉತ್ತರ ಮೊದಲಿಗೆ ಬಂತು.

ಅದನ್ನೂ ತಿರಸ್ಕರಿಸಿದರು. ಈ ಸಲ ಕಾರಣ ಬೇರೆ: ಯೋಚನೆ ಚೆನ್ನಾಗಿದೆ, ಪುಟ ಇಕ್ಕಟ್ಟಾಗಿದೆ.

ಯಜಮಾನರು ಪುಟವನ್ನು ಕಾಗದದ ಮೇಲೆ ಅಚ್ಚು ತೆಗೆಸಿ, ಕತ್ತರಿಯಿಂದ ತುಂಡು ತುಂಡು ಮಾಡಿ ಮೇಜಿನ ಮೇಲೆ ಹರಡಿದರು. ಒಂದೊಂದು ತುಂಡನ್ನೂ ಬೆರಳಿನಿಂದ ದೂರ ದೂರ ತಳ್ಳಿದರು. "ನಾವು ಸಾಲು ಸಾಲಿನ ಮಧ್ಯೆ ಸೀಸದ ಪಟ್ಟಿ ಇಕ್ತಿದ್ವಮ್ಮಾ. ಅದು ಅಚ್ಚಾಗಲ್ಲ, ಆದ್ರೂ ಅದಿಲ್ದಿದ್ರೆ ಓದಕ್ಕಾಗಲ್ಲ. ನೀನು ಅದನ್ನೇ ಇಕ್ಕಿಲ್ಲ." ತುಂಡುಗಳ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆದುಕೊಂಡು ಪ್ರತಿ ಪುಟವನ್ನೂ ಮತ್ತೆ ಕಟ್ಟಿದೆ. ಹನ್ನೊಂದು ದಿನ ಹಿಡಿಯಿತು. ನಡುನಡುವೆ ಕರೆಂಟು ಹೋಗುತ್ತಿತ್ತು. ಬಂದ ಕೂಡಲೇ ಮತ್ತೆ ಕೂರುತ್ತಿದ್ದೆ.

ಮೂರನೆಯ ಸಲ ಒಪ್ಪಿಕೊಂಡರು. ಮೊದಲ ವಾರದಲ್ಲೇ ಒಬ್ಬರು ಕೊಂಡರು. ಯಾವುದೋ ದೂರದೇಶದಲ್ಲಿ ಗುಲಾಬಿ ಗಿಡ ಮಾರುವ ಹೆಂಗಸು. ಅಕ್ಕ ಆ ದಿನ ಕಾರ್ಖಾನೆಯಿಂದ ಬರುವಾಗ ಮೈಸೂರುಪಾಕು ತಂದಳು.

ನಾಲ್ಕನೆಯ ದಿನ ಆ ಹೆಂಗಸು ನನ್ನ ಥೀಮಿನ ಕೆಳಗೆ, ಎಲ್ಲರಿಗೂ ಕಾಣುವಂತೆ ಬರೆದಿದ್ದರು: 'ನೋಡಲು ಚೆಂದ. ಹಾಕಿಕೊಳ್ಳಲು ಮಾತ್ರ ಆಗಲಿಲ್ಲ. ಎರಡು ದಿನ ಹಾಳಾಯಿತು.' ಐದರಲ್ಲಿ ಒಂದೇ ನಕ್ಷತ್ರ. ನನಗೆ ತಡೆಯಲಾಗಲಿಲ್ಲ. 'ಎಲ್ಲವೂ ಥೀಮಿನ ಜೊತೆಗಿರುವ ಮಾರ್ಗದರ್ಶಿಯಲ್ಲಿದೆ, ದಯವಿಟ್ಟು ಓದಿ' ಎಂದು ಬಿಗಿಯಾಗಿ ಉತ್ತರ ಬರೆದೆ. ಮುಂದಿನ ಹದಿನೈದು ದಿನ ಯಾರೂ ಕೊಳ್ಳಲಿಲ್ಲ.

ಅಕ್ಕನಿಗೆ ಹೇಳಿಕೊಂಡು ಗೋಳಾಡಿದಾಗ ಅವಳು ಕೇಳಿದ್ದು ಒಂದೇ ಮಾತು: "ನೀನು ಬರ್ದಿದ್ದು ನೋಡ್ಕಂಡು ನಾನು ಮಾಡಿದ್ರೆ ಆಯ್ತದಾ?"

ಅವಳ ವಾರದ ರಜೆಯ ದಿನ ಪ್ರೆಸ್ಸಿಗೆ ಕರೆದುಕೊಂಡು ಹೋದೆ. ಅಕ್ಕ ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟಿದವಳಲ್ಲ. ಇಂಗ್ಲಿಷ್ ಪದಕ್ಕೆ ಅರ್ಥ ಕೇಳಿದರೆ ಹೇಳಬೇಕು, ಕೆಲಸ ಮಾತ್ರ ಹೇಳಿಕೊಡಬಾರದು ಎಂದು ಮಾತಾಡಿಕೊಂಡೆವು. ನಾಲ್ಕು ಪುಟದ ಇಂಗ್ಲಿಷ್ ಮಾರ್ಗದರ್ಶಿಯನ್ನು ಅವಳ ಕೈಗೆ ಕೊಟ್ಟೆ. ಮೊದಲ ಸಾಲು, ಥೀಮಿನ ಫೋಲ್ಡರನ್ನು ಸರ್ವರ್‌ಗೆ ಏರಿಸಿ.

"ಫೋಲ್ಡರ್ ಎಲ್ಲೈತೆ?"

ನನ್ನ ಬೆರಳು ತಾನಾಗಿಯೇ ಪರದೆಯ ಕಡೆ ಹೋಯಿತು. ಅಕ್ಕ ಕೈ ಮೇಲೊಂದು ಬಡಿದಳು. "ತೋರಿಸ್ಬ್ಯಾಡ. ಆ ಗುಲಾಬಿ ಯಮ್ಮನ ಪಕ್ಕದಾಗೆ ನೀನು ಕುಂತಿದ್ಯಾ?"

ಮಧ್ಯಾಹ್ನದ ಊಟದ ಹೊತ್ತಾದರೂ ಅವಳು ಮೊದಲ ಸಾಲು ದಾಟಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ಕೊನೆಗೆ ಅವಳೇ ಕುರ್ಚಿ ತಿರುಗಿಸಿದಳು.

"ನಮ್ ಲೈನ್‌ನಾಗೆ ಒಂದ್ ಸ್ಕ್ರೂ ತಿರುಗ್ಸಕ್ಕೂ ಒಂದ್ ಫೋಟೋ ಅಂಟ್ಸಿರ್ತಾರೆ. ಯಾವ ಸ್ಕ್ರೂ, ಯಾವ ಕಡೆ ತಿರುಗ್ಸಬೇಕು, ತಿರುಗ್ಸಿದ್ಮ್ಯಾಕೆ ಹೆಂಗ್ ಕಾಣ್ಬೇಕು, ಎಲ್ಲಾ ಇರ್ತದೆ. ಇವತ್ತು ಕೆಲಸಕ್ಕೆ ಬಂದೋಳೂ ನೋಡ್ಕಂಡು ಮಾಡ್ಬೇಕು. ನೀನು ಬರ್ದಿರೋದು ಗೊತ್ತಿರೋರಿಗೆ ಕಣೇ. ಗೊತ್ತಿರೋರು ನಿನ್ನ ಯಾಕೆ ಕೇಳ್ತಾರೆ?"

ಅಲ್ಲಿಂದ ಒಂದು ತಿಂಗಳು ಹೊಸ ಥೀಮಿನ ಯೋಚನೆ ಬಿಟ್ಟೆ. ಮಾರ್ಗದರ್ಶಿಯೊಂದನ್ನೇ ಬರೆದೆ. ಪ್ರತಿ ಹೆಜ್ಜೆಗೂ ಪರದೆಯ ಚಿತ್ರ, ಒತ್ತಬೇಕಾದ ಕಡೆ ಕೆಂಪು ಸುತ್ತು, ಒತ್ತಿದ ಮೇಲೆ ಏನು ಕಾಣಬೇಕೆನ್ನುವುದಕ್ಕೆ ಇನ್ನೊಂದು ಚಿತ್ರ. ಪ್ರತಿ ರಜೆಯಲ್ಲೂ ಅಕ್ಕ ಬಂದು ಕೂರುತ್ತಿದ್ದಳು. ಎಲ್ಲಿ ನಿಂತುಬಿಡುತ್ತಾಳೋ ಅಲ್ಲಿ ನಾನು ಬರೆದದ್ದು ತಪ್ಪು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ನಾಲ್ಕನೆಯ ರಜೆಯಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, ಅವಳು ಇಡೀ ಥೀಮನ್ನು ಹಾಕಿ ಮುಗಿಸಿದಳು. ಮೇಲ್ಗಡೆ ನರ್ಸರಿಯ ಹೆಸರಿರುವ ಜಾಗದಲ್ಲಿ ತನ್ನ ಹೆಸರು ಬರೆದು ಜೋರಾಗಿ ನಕ್ಕಳು.

ಗುಲಾಬಿಯ ಹೆಂಗಸಿಗೆ ಅಂದೇ ಬರೆದೆ. ನನ್ನ ಹಳೆಯ ಉತ್ತರ ಒರಟಾಗಿತ್ತು, ತಪ್ಪು ನನ್ನದೇ ಎಂದು, ಅದೂ ಎಲ್ಲರಿಗೂ ಕಾಣುವ ಜಾಗದಲ್ಲೇ ಬರೆದು, ಹೊಸ ಮಾರ್ಗದರ್ಶಿ ಕಳಿಸಿದೆ. ಮೂರು ದಿನದ ಮೇಲೆ ಅವರು ತಮ್ಮ ಸೈಟಿನ ವಿಳಾಸ ಕಳಿಸಿದರು. ಒಂದು ನಕ್ಷತ್ರ ನಾಲ್ಕಾಗಿತ್ತು. ಐದನೆಯದು ಯಾಕಿಲ್ಲ ಎಂದು ನಾನು ಕೇಳಲಿಲ್ಲ. ಆಮೇಲೆ ಕೊಂಡವರಲ್ಲಿ ಹಲವರು ಥೀಮಿಗಿಂತ ಮಾರ್ಗದರ್ಶಿಯನ್ನೇ ಹೊಗಳಿದರು.

ಮರುವರ್ಷ ಮನೆಗೇ ಇಂಟರ್ನೆಟ್ ಹಾಕಿಸಿಕೊಂಡೆ. ಪ್ರೆಸ್ಸಿನ ಕೆಲಸ ಬಿಡುತ್ತೇನೆಂದು ಹೇಳಲು ಹೋದಾಗ ಯಜಮಾನರು, "ಹೋಗ್ಬುಡ್ತೀಯಾ? ಸರಿ. ಮುಂದೆ ಏನ್ ಮಾಡ್ತೀಯ?" ಎಂದರು.

"ಹಲ್ಲಿನ ಡಾಕ್ಟರ್‌ಗಳಿಗೆ ಒಂದು ಥೀಮ್, ಸಾರ್."

"ಹಲ್ಲಿನ ವಿಚಾರ ನಿಂಗೇನ್ ಗೊತ್ತು?"

"ಏನೂ ಗೊತ್ತಿಲ್ಲ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಡಾಕ್ಟರರ ಅಪ್ಪಣೆ ಕೇಳಿಕೊಂಡು, ಹೊಸೂರಿನ ಒಂದು ಹಲ್ಲಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ನೋಟ್‌ಬುಕ್ ಹಿಡಿದು ಕೂತೆ. ನನ್ನ ಪಕ್ಕ ದವಡೆ ಹಿಡಿದುಕೊಂಡು ಕೂತಿದ್ದ ಅಜ್ಜಿ, ಒಳಗಿನಿಂದ ಬಂದ ನರ್ಸನ್ನು ತಮಿಳಿನಲ್ಲಿ ಕೇಳಿದರು: ತುಂಬಾ ನೋಯುತ್ತದಾ? ನಾನು ಅದನ್ನು ಮೊದಲನೆಯ ಸಾಲಿನಲ್ಲಿ ಬರೆದುಕೊಂಡೆ.