ಬುತ್ತಿಚೀಲದ ಮೂರು ಚೀಟಿ

ಕೈಯಲ್ಲಿ ಗಡಿಯಾರ ಹಿಡಿದು ಬೆನ್ನ ಹಿಂದೆ ನಿಲ್ಲುವವರನ್ನು ಅನ್ನಪೂರ್ಣಾ ನಂಬುವುದಿಲ್ಲ. ಹನ್ನೆರಡು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳು. ಅಲ್ಲಿಯೂ ಹೀಗೇ ಒಬ್ಬ ಮಹಾಶಯ ವಾರವಿಡೀ ನಿಂತು ಬರೆದುಕೊಂಡು ಹೋಗಿದ್ದ. ತಿಂಗಳೊಳಗೆ ಹನ್ನೊಂದು ಹೆಂಗಸರು ಕೆಲಸ ಕಳೆದುಕೊಂಡರು, ಇವಳೂ ಅವರಲ್ಲಿ ಒಬ್ಬಳು.

ಈಗ ಹುಕ್ಕೇರಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಫೋನ್ ಎತ್ತುವ ಕೆಲಸ. ಹಳ್ಳಿಯ ಹಾಲಿನ ಡೇರಿಗಳು ತಿಂಗಳಿಗಿಷ್ಟು ಎಂದು ಹಣ ಕೊಟ್ಟು, ಯಾರು ಎಷ್ಟು ಹಾಲು ಹಾಕಿದರೆಂಬ ಲೆಕ್ಕಕ್ಕೆ ಇವರ ಸಾಫ್ಟ್‌ವೇರನ್ನು ಇಂಟರ್ನೆಟ್ಟಿನಲ್ಲೇ ಬಳಸುತ್ತವೆ. ತಕರಾರು ಬಂದರೆ ಅನ್ನಪೂರ್ಣಾಗೆ ಫೋನು. ಎಲ್ಲ ಸುಸೂತ್ರವಾಗಿತ್ತು, ಕಾರಿನ ಕಾರ್ಖಾನೆಯಲ್ಲಿ ಪಳಗಿದ ಗುರುರಾಜ ಮ್ಯಾನೇಜರಾಗಿ ಬರುವ ತನಕ. ಕಾರ್ಖಾನೆಯ ಶಿಸ್ತನ್ನು ಇಲ್ಲಿಗೂ ತರುತ್ತೇನೆ, ವ್ಯರ್ಥವಾದದ್ದನ್ನೆಲ್ಲ ತೆಗೆದುಹಾಕುತ್ತೇನೆ ಎಂದ. ಹಾಗೆನ್ನುವಾಗ ತನ್ನ ಕಡೆಯೇ ನೋಡಿದ ಎಂದು ಇವಳ ಗುಮಾನಿ. ಗೋಡೆಗೊಂದು ಹಲಗೆ ಬಂತು. ಒಂದು ತಕರಾರಿಗೆ ಒಂದು ಕೆಂಪು ಚೀಟಿ, ಕೆಳಗೆ ಬರೆದವರ ಹೆಸರು. ಇವಳು ಚೀಟಿ ಅಂಟಿಸಿದಾಗಲೆಲ್ಲ ಗುರುರಾಜ ಗಡಿಯಾರ ನೋಡಿ ಪುಸ್ತಕದಲ್ಲಿ ಏನೋ ಗೀಚುತ್ತಿದ್ದ.

ಹಲಗೆಯ ತುಂಬ ತನ್ನದೇ ಹೆಸರು! ಮನೆಗೆ ಕಳಿಸುವ ಹುನ್ನಾರವಲ್ಲದೆ ಇದು ಮತ್ತೇನು? ಸೋಮವಾರದಿಂದ ಅವಳು ಚೀಟಿ ಬರೆದರೂ ಅಂಟಿಸದೆ ಬುತ್ತಿಚೀಲಕ್ಕೆ ತುರುಕತೊಡಗಿದಳು.

ಗುರುವಾರ ಗುರುರಾಜ ಭಾರಿ ಖುಷಿಯಲ್ಲಿದ್ದ. "ಮೂಡಲಗಿ ಕಡೆ ಐದು ಡೇರಿಗೆ ಹೊಸಾ ಸಾಫ್ಟ್‌ವೇರ್ ಕೊಟ್ಟು ನಾಕ್ ದಿನಾ ಆತು. ಒಂದೂ ಚೀಟಿ ಬಂದಿಲ್ಲ. ಉಳದ ಇನ್ನೂರು ಡೇರಿಗೂ ಈಗ ಕಳಸೂಣು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅನ್ನಪೂರ್ಣಾಳ ಕೈ ಚೀಲಕ್ಕೆ ಹೋಯಿತು. ಅಲ್ಲಿದ್ದ ಮೂರು ಚೀಟಿಯೂ ಮೂಡಲಗಿಯವೇ. ಮೂರರಲ್ಲೂ ಒಂದೇ ತಕರಾರು: ಒಬ್ಬರು ಹಾಕಿದ ಹಾಲು ಇನ್ನೊಬ್ಬರ ಹೆಸರಿಗೆ ಹೋಗುತ್ತಿದೆ. ತೋರಿಸಿದರೆ ಕೆಲಸ ಹೋಗುತ್ತದೆ. ತೋರಿಸದಿದ್ದರೆ ಇನ್ನೂರು ಊರಲ್ಲಿ ಜಗಳ. ಆದರೆ ನೂಲು ಹರಿದರೆ ಯಾರನ್ನೂ ಕೇಳದೆ ಯಂತ್ರ ನಿಲ್ಲಿಸಿದ ಕೈ ಅದು. ಎದ್ದೇಬಿಟ್ಟಳು.

"ನಿಲ್ಲಸ್ರಿ ಸರ್!"

ಚಟ್ನಿಯ ಎಣ್ಣೆ ಹತ್ತಿದ ಮೂರು ಚೀಟಿಗಳನ್ನು ಹಲಗೆಗೆ ಅಂಟಿಸಿದಳು. ಓದಿದ ಗುರುರಾಜ ಇನ್ನೂರು ಡೇರಿಗೆ ಕಳಿಸುವುದನ್ನು ಅಲ್ಲಿಗೇ ತಡೆದ.

"ಯಾಕ್ರಿ ಅಕ್ಕಾರ, ಮುಚ್ಚಿ ಇಟ್ಟಿದ್ರಿ?"

"ನನ್ನ ಹೆಸರು ಬರಕೊಂಡು ಮನಿಗೆ ಕಳಸ್ತೀರಿ ಅಂತ ಹೆದರಿದ್ನಿರಿ."

ಅವನು ಪುಸ್ತಕವನ್ನು ಅವಳ ಮುಂದೆ ಬಿಚ್ಚಿದ. ಅವಳ ಹೆಸರು ಎಲ್ಲೂ ಇರಲಿಲ್ಲ. ಯಾವ ಚೀಟಿ ಯಾರೂ ಮುಟ್ಟದೆ ಎಷ್ಟು ಹೊತ್ತು ಹಲಗೆಯ ಮೇಲಿತ್ತು ಎಂಬುದಷ್ಟೇ ಇತ್ತು.

"ವ್ಯರ್ಥ ಅಂದ್ರ ಇದರಿ, ತಕರಾರು ಸುಮ್ನ ಕಾಕೋತ ಕುಂದ್ರೂದು."

ಅನ್ನಪೂರ್ಣಾಗೆ ನಾಚಿಕೆಯಾಯಿತು. ಆದರೆ ಒಮ್ಮೆ ಕೆಲಸ ಕಳೆದುಕೊಂಡವಳ ಗುಮಾನಿ ಅಷ್ಟು ಸುಲಭಕ್ಕೆ ಬಿಟ್ಟುಹೋಗುತ್ತದೆಯೇ?

"ಹಂಗಾರ ಈ ಪುಸ್ತಕಾ ನಿಮ್ಮ ಕಿಸೆದಾಗ ಯಾಕರಿ? ಗ್ವಾಡಿಗೆ ಹಾಕ್ರಿ, ಎಲ್ಲಾರೂ ಓದ್ಲಿ."

ಗುರುರಾಜ ಅದನ್ನು ಹಲಗೆಯ ಬಾಜೂ ತೂಗುಹಾಕಿದ. ಅವಳು ಅವನ ಪೆನ್ನು ಇಸಿದುಕೊಂಡು ಕೊನೆಯ ಸಾಲಿನ ಕೆಳಗೆ ಬರೆದಳು: 'ಮೂರು ಚೀಟಿ, ನಾಲ್ಕು ದಿನ, ಅನ್ನಪೂರ್ಣಾಳ ಬುತ್ತಿಚೀಲದಲ್ಲಿ.'