ಕಜ್ಜಿ ಔಷಧದ ಬಾಟಲಿ

1974ರಲ್ಲಿ ನಾನು ಬಬಲೇಶ್ವರದ ಕಡೆಯ ಒಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕಂಪೌಂಡರ್ ಆಗಿದ್ದೆ. ಅದಕ್ಕೂ ಮೊದಲು ಮೂರು ವರ್ಷ ತಿಕೋಟಾದಲ್ಲಿದ್ದೆ. ಮನೆ ವಿಜಯಪುರದಲ್ಲಿ, ಅಂದರೆ ಆಗಿನ ಬಿಜಾಪುರದಲ್ಲಿ. ಕೇಂದ್ರವಿದ್ದ ಊರಿನ ಹೆಸರನ್ನು ಬೇಕೆಂತಲೇ ಬರೆದಿಲ್ಲ. ತಪ್ಪು ಊರಿನದಲ್ಲ, ನಮ್ಮದು.

ಆ ಕಾಲದಲ್ಲಿ ದವಾಖಾನೆಗೆ ಬರುವವರು ಬಾಟಲಿಯನ್ನು ಮನೆಯಿಂದಲೇ ತರಬೇಕಿತ್ತು. ಕೆಮ್ಮಿನ ಮಿಕ್ಸ್ಚರ್ ತುಂಬಿಕೊಡುವಾಗ ಬಾಟಲಿಯ ಮೈಗೆ ನಾವು ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ಪಟ್ಟಿಯ ಅಂಚಿಗೆ ಕತ್ತರಿಯಿಂದ ಹಲ್ಲು ಕತ್ತರಿಸಿರುತ್ತಿದ್ದೆವು. ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಔಷಧ, ದಿನಕ್ಕೆ ಮೂರು ಹೊತ್ತು. ಓದು ಬಾರದವರೂ ಅದನ್ನು ನೋಡಿ ಸರಿಯಾಗಿ ಕೊಡುತ್ತಿದ್ದರು.

ನಮ್ಮ ಡಾಕ್ಟರು ಚೀಟಿಯನ್ನು ಇಂಗ್ಲಿಷಿನಲ್ಲಿ ಗೀಚಿ ಕೊಡುತ್ತಿದ್ದರು. ರೋಗ ಯಾವುದು, ಔಷಧ ಯಾತಕ್ಕೆ ಎಂದು ಹೇಳುವ ರೂಢಿ ಅವರಿಗಿರಲಿಲ್ಲ. ಕೇಳಿದವರಿಗೆ "ಡಾಕ್ಟರು ನೀನೋ ನಾನೋ?" ಎಂಬ ಉತ್ತರ ಸಿಗುತ್ತಿತ್ತು. ಅದನ್ನೇ ನೋಡಿ ನೋಡಿ ನಾನೂ ಕಲಿತಿದ್ದೆ. ಕಿಟಕಿಯ ಹಿಂದೆ ನಿಂತು ಮೂರು ಕಾಸಿನ ಅಧಿಕಾರ ಸಿಕ್ಕರೂ ಸಾಕು, ಮನುಷ್ಯನಿಗೆ ಎದುರಿನವರು ದನಗಳಂತೆ ಕಾಣುತ್ತಾರೆ.

ಒಂದು ಸಂತೆಯ ದಿನ ನಿಡೋಣಿ ಕಡೆಯ ಗುರುಬಾಯಿ ಎಂಬ ಹೆಣ್ಣುಮಗಳು ನಾಲ್ಕು ವರ್ಷದ ಶಾಂತಾಳನ್ನು ಎತ್ತಿಕೊಂಡು ಬಂದಳು. ಶಾಂತಾ ಆಕೆಯ ಗಂಡನ ಮೊದಲ ಹೆಂಡತಿಯ ಮಗಳು. ಕೂಸಿಗೆ ಮೈತುಂಬ ಕಜ್ಜಿ. ಡಾಕ್ಟರು ಬೆಂಜೈಲ್ ಬೆಂಜೊಯೇಟ್ ಬರೆದಿದ್ದರು. ಅದು ಹಾಲಿನಂತೆ ಬೆಳ್ಳಗಿರುವ, ಮೈಗೆ ಹಚ್ಚುವ ಔಷಧ. ಹೊಟ್ಟೆಗೆ ಹೋದರೆ ವಿಷ. ಗುರುಬಾಯಿ ತಂದ ಬಾಟಲಿಯ ಮೇಲೆ ಹೋದ ತಿಂಗಳ ಕೆಮ್ಮಿನ ಔಷಧದ ಪಟ್ಟಿ ಹಾಗೇ ಇತ್ತು. ನಾನು ಅದನ್ನು ಕಿತ್ತು ಹಾಕಲಿಲ್ಲ. ಔಷಧ ಸುರಿದು ಬಾಟಲಿ ಮುಂದೆ ನೂಕಿದೆ.

"ಮೊದಲಿನಂಗ ಏನ್ರಿ ಸಾಹೇಬ್ರ?" ಎಂದು ಆಕೆ ಕೇಳಿದಳು.

"ಹ್ಞೂಂ ಹ್ಞೂಂ, ಸರಕೋ ಮುಂದ," ಎಂದೆ. ತಲೆ ಎತ್ತಿ ಕೂಡ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಶಾಂತಾಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ಕೂಸಿನ ಕೈಕಾಲು ಸೆಟೆದು ಅದುರುತ್ತಿದ್ದವು. ಬಾಟಲಿ ನೋಡಿದೆ: ಔಷಧ ಸರಿಯಾಗಿ ಮೂರು ಹಲ್ಲು ಕೆಳಗಿಳಿದಿತ್ತು. ನಾವು ಕಲಿಸಿದ್ದನ್ನೇ ಆಕೆ ಚಾಚೂ ತಪ್ಪದೆ ಮಾಡಿದ್ದಳು. ಡಾಕ್ಟರು ಹೊಟ್ಟೆ ತೊಳೆದರು, ಇಂಜೆಕ್ಷನ್ ಕೊಟ್ಟರು, ನಮ್ಮ ಜೀಪಿನಲ್ಲೇ ಬಿಜಾಪುರಕ್ಕೆ ಕಳಿಸಿದರು. ಅವರ ಕೈ ಚುರುಕಿತ್ತು, ಅದನ್ನು ಒಪ್ಪಬೇಕು.

ಜೀಪಿನಲ್ಲಿ ಗಂಡ ಕುಳಿತ. ಗುರುಬಾಯಿಯನ್ನು ಹತ್ತಲು ಬಿಡಲಿಲ್ಲ. "ಹಡದಾಕಿ ಆಗಿದ್ರ ಹಿಂಗ ಮಾಡ್ತಿದ್ಲೇನ್ರಿ? ವಿಷಾ ಹಾಕ್ಯಾಳ್ರಿ ಈಕಿ!" ಎಂದು ಜೊತೆಗೆ ಬಂದಿದ್ದ ಆಕೆಯ ಅತ್ತೆ ಎದೆ ಬಡಿದುಕೊಂಡಳು. ಗುರುಬಾಯಿ ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತುಬಿಟ್ಟಳು. "ಹಲ್ಲ ನೋಡಿನ ಕೊಟ್ಟೇನ್ರಿ ಯಪ್ಪಾ, ಒಂದ ಹನಿ ಹೆಚ್ಚ ಕೊಟ್ಟಿಲ್ರಿ," ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು. ಯಾರೂ ನಿಂತು ಕೇಳಲಿಲ್ಲ.

ವಿಷದ ಪ್ರಕರಣವೆಂದರೆ ಪೊಲೀಸರಿಗೆ ವರದಿ ಹೋಗಬೇಕು. ಡಾಕ್ಟರು ನನ್ನನ್ನು ಒಳಗೆ ಕರೆದು ಕಾಗದ ಕೊಟ್ಟರು. "ಮುಲ್ಲಾ, ಇದು ಹಚ್ಚುವ ಔಷಧ, ಕುಡಿಸಬೇಡ ಎಂದು ಸ್ಪಷ್ಟವಾಗಿ ಹೇಳಿದ್ದೆ ಅಂತ ಬರೆದು ಸಹಿ ಮಾಡಿ. ಓದು ಬಾರದ ಅಡಾಣಿ ಹೆಂಗಸು, ಕೇಳಿಸಿಕೊಂಡಿಲ್ಲ, ಅಷ್ಟೇ."

ಅಷ್ಟೇ! ಆ ಒಂದು ಸಾಲಿನಿಂದ ಮಲತಾಯಿ ಬೇಕೆಂದೇ ವಿಷ ಕುಡಿಸಿದಳು ಎಂದಾಗುತ್ತಿತ್ತು. ಇಂಗ್ಲಿಷ್ ಓದಿದ ನಾವಿಬ್ಬರೂ ಪಾರು, ಪ್ರಶ್ನೆ ಕೇಳಿದ ಹೆಣ್ಣುಮಗಳು ಜೈಲಿಗೆ. ನನ್ನ ಮೈ ಉರಿಯಿತು. ಆದರೂ "ನಾಳೆ ಕೊಡ್ತೀನ್ರಿ," ಎಂದು ಕಾಗದವನ್ನು ಜೇಬಿಗಿಳಿಸಿದೆ. ಎರಡು ದಿನ ಹೆಂಡತಿ, ಮಕ್ಕಳು, ನೌಕರಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಆ ಎರಡು ದಿನವೂ ಗುರುಬಾಯಿ ಪಡಸಾಲೆಯಲ್ಲೇ ಇದ್ದಳು. ನಾನು ಹಿಂದಿನ ಬಾಗಿಲಿನಿಂದ ಓಡಾಡಿದೆ. ನಾಚಿಕೆಗೇಡು.

ಮೂರನೆಯ ದಿನ ಜೀಪಿನ ಡ್ರೈವರ್ ಬಂದು, "ಕೂಸು ಕಣ್ಣ ತಗದೈತ್ರಿ, ರೊಟ್ಟಿ ಬೇಡಾಕತ್ತೈತಿ," ಎಂದ. ಆಗ ನನಗೆ ಧೈರ್ಯ ಬಂತು. ಕನ್ನಡದಲ್ಲೇ ಬರೆದೆ: "ಇದು ಹಚ್ಚುವ ಔಷಧವೆಂದು ನಾನು ಹೇಳಿಲ್ಲ. ಹಳೆಯ ಪಟ್ಟಿ ಕಿತ್ತಿಲ್ಲ. ಮೊದಲಿನಂತೆಯೇ ಎಂದು ತಾಯಿ ಕೇಳಿದಾಗ ಹೌದೆಂದೆ."

ಡಾಕ್ಟರು ಓದಿ ಕೆಂಡವಾದರು. "ನಿಮಗೆ ನೌಕರಿ ಬೇಡವೇನು?"

"ಬೇಕ್ರಿ. ಆದ್ರ ಆಕಿ ಕೇಳಿದ್ಲು, ನೀವೂ ಹೇಳಲಿಲ್ಲ, ನಾನೂ ಹೇಳಲಿಲ್ಲ," ಎಂದೆ.

ಹೊರಗೆ ಹೋಗಿ, ಬರೆದದ್ದನ್ನು ಗುರುಬಾಯಿ ಮತ್ತು ಕೂಸಿನ ಸುದ್ದಿ ಕೇಳಲು ಬಂದಿದ್ದ ಅತ್ತೆಯ ಮುಂದೆ ಗಟ್ಟಿಯಾಗಿ ಓದಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುಬಾಯಿ ಕಾಲಿಗೆ ಬೀಳುತ್ತಾಳೆ, ಬಿದ್ದರೆ ತಡೆಯಬೇಕು ಎಂದುಕೊಂಡಿದ್ದೆ. ಆಕೆ ಬೀಳಲಿಲ್ಲ.

"ಖರೇ ಬರದ್ರಿ, ಛಲೋ ಆತ್ರಿ," ಎಂದಳು. "ಕೂಸು ಸತ್ತಿದ್ರ ಹಿಂಗ ಬರೀತಿದ್ರೇನ್ರಿ?"

ಪೊಲೀಸರು ಆಕೆಯ ತಂಟೆಗೆ ಬರಲಿಲ್ಲ. ನನಗೆ ಮೆಮೊ ಬಂತು, ದೂರದ ಊರಿಗೆ ವರ್ಗವಾಯಿತು. ನನಗೆ ಅದು ಸಲ್ಲಬೇಕಾದದ್ದೇ. ಡಾಕ್ಟರಿಗೆ ಏನೂ ಆಗಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಿವೃತ್ತನಾಗುವವರೆಗೆ ಕಿಟಕಿಗೆ ಬಂದ ಪ್ರತಿಯೊಬ್ಬರಿಗೂ ಔಷಧ ಯಾವುದು, ಯಾತಕ್ಕೆ, ಹೇಗೆ ಎಂದು ಹೇಳಿ, ಅವರಿಂದ ತಿರುಗಿ ಹೇಳಿಸಿದೆ. ಅದಕ್ಕೆ ಜನ ನನ್ನನ್ನು ಒಳ್ಳೆಯವನೆಂದರು. ತಿಳಿದುಕೊಳ್ಳುವುದು ರೋಗಿಯ ಹಕ್ಕು. ಅದು ಕಂಪೌಂಡರನ ಒಳ್ಳೆಯತನವನ್ನು ನಂಬಿಕೊಂಡು ಇರಬಾರದು. ಯಾಕೆಂದರೆ ಗುರುಬಾಯಿ ಕೊನೆಗೆ ಕೇಳಿದ ಪ್ರಶ್ನೆಗೆ ಖರೇ ಉತ್ತರ ಇದು: ಕೂಸು ಸತ್ತಿದ್ದರೆ ನಾನು ಡಾಕ್ಟರು ಹೇಳಿದಂತೆಯೇ ಬರೆದು ಸಹಿ ಮಾಡುತ್ತಿದ್ದೆ.